ಯಾವ ದಣಿವಿಗೆ ಯಾವ ಆಟ?

ಕೊಚ್ಚಿ ಮೆಟ್ರೊದ ನಕ್ಷೆ ನೋಡಿದರೆ ದೆಹಲಿಯವರಿಗೆ ನಗು ಬರಬಹುದು. ಆಲುವಾದಿಂದ ತೃಪ್ಪೂಣಿತುರದವರೆಗೆ ಒಂದೇ ಗೆರೆ, ಅದರ ಮೇಲೆ 25 ಚುಕ್ಕೆ. 2017ರ ಜೂನ್‌ನಲ್ಲಿ ಪಾಲಾರಿವಟ್ಟಂವರೆಗೆ ಓಡಲು ಶುರುವಾದ ಈ ಗೆರೆ ಸ್ವಲ್ಪಸ್ವಲ್ಪವೇ ಬೆಳೆದು, 28 ಕಿಲೋಮೀಟರ್ ಆಗಿ, 2024ರ ಮಾರ್ಚ್‌ನಲ್ಲಿ ತೃಪ್ಪೂಣಿತುರ ಮುಟ್ಟಿತು. ಕಾಕ್ಕನಾಡಿನ ಇನ್ಫೋಪಾರ್ಕ್ ಕಡೆಗೆ ಕವಲೊಡೆಯುವ ಕೆಲಸ ಆಮೇಲಿನದು. ಇಷ್ಟು ಸರಳವಾದ ಮೆಟ್ರೊದಲ್ಲಿ ಕೂತು, ಮೊಬೈಲಿನ ಮೇಲೆ ಬೆರಳಾಡಿಸುತ್ತ ಇದಕ್ಕಿಂತ ಹತ್ತು ಪಟ್ಟು ಜಟಿಲವಾದ ಇನ್ನೊಂದು ಮೆಟ್ರೊವನ್ನು ಕಟ್ಟುವ ಪ್ರಯಾಣಿಕರೂ ಇರುತ್ತಾರೆ.

ಅವರು ಆಡುವ ಆಟ ‘ಮಿನಿ ಮೆಟ್ರೊ’. ನ್ಯೂಜಿಲೆಂಡಿನ ಪೀಟರ್ ಕರಿ, ರಾಬರ್ಟ್ ಕರಿ ಸೋದರರು 2013ರ ಏಪ್ರಿಲ್‌ನಲ್ಲಿ ‘ಲೂಡಂ ಡೇರ್’ ಎಂಬ ಸ್ಪರ್ಧೆಗಾಗಿ ಇದರ ಮೊದಲ ರೂಪವನ್ನು ಮಾಡಿದರು. ಒಂದು ವಾರಾಂತ್ಯದೊಳಗೆ ಒಂದು ಗೇಮ್ ಮಾಡಿ ಮುಗಿಸಬೇಕೆಂಬುದು ಆ ಸ್ಪರ್ಧೆಯ ಕಟ್ಟಳೆ. ಆ ಸಲ ಕೊಟ್ಟಿದ್ದ ವಿಷಯವೇ ‘ಮಿನಿಮಲಿಸಂ’, ಅಂದರೆ ಬೇಡದ್ದನ್ನೆಲ್ಲ ಕಳೆದು ಉಳಿಸಿಕೊಳ್ಳುವುದು. ಪೂರ್ಣ ಆಟ 2015ರಲ್ಲಿ ಬಂತು. ತೆರೆಯ ಮೇಲೆ ವೃತ್ತ, ತ್ರಿಕೋನ, ಚೌಕದ ನಿಲ್ದಾಣಗಳು ಒಂದೊಂದಾಗಿ ಮೂಡುತ್ತವೆ. ಪ್ರಯಾಣಿಕರೂ ಪುಟ್ಟ ವೃತ್ತ, ತ್ರಿಕೋನಗಳೇ. ತಮ್ಮ ಆಕಾರದ ನಿಲ್ದಾಣ ಸೇರಬೇಕೆನ್ನುವುದಷ್ಟೇ ಅವರ ಹಟ. ನಾವು ಗೆರೆ ಎಳೆಯಬೇಕು. ನದಿ ದಾಟಲು ಸುರಂಗ ಬೇಕು, ಸುರಂಗ ಸಿಗುವುದು ಎಣಿಸಿ ಕೊಟ್ಟಷ್ಟೇ. ಮುಂಬೈ ನಕ್ಷೆ ಅದರಲ್ಲಿದೆ. ಹಿನ್ನೀರು, ದ್ವೀಪಗಳ ಕೊಚ್ಚಿಯನ್ನು ಅದರೊಳಗೆ ಇಟ್ಟಿದ್ದರೆ ಆಡುವವರ ಗತಿ ಏನಾಗುತ್ತಿತ್ತೋ! ನಿಜವಾದ ಕೊಚ್ಚಿ ಆ ಗಂಟನ್ನು ಬೇರೆಯೇ ಬಗೆಯಲ್ಲಿ ಬಿಡಿಸಿತು: 2023ರ ಏಪ್ರಿಲ್‌ನಲ್ಲಿ ನೀರಿನ ಮೇಲೆಯೇ ವಾಟರ್ ಮೆಟ್ರೊದ ದೋಣಿಗಳನ್ನು ಬಿಟ್ಟಿತು.

ಇಂಥ ಆಟಗಳನ್ನು ಮಾರುವವರು ಸಾಮಾನ್ಯವಾಗಿ ‘ರಿಲ್ಯಾಕ್ಸಿಂಗ್’ ಎಂಬ ಚೀಟಿ ಅಂಟಿಸುತ್ತಾರೆ. ನನಗೆ ಆ ಚೀಟಿಯ ಮೇಲೆ ನಂಬಿಕೆ ಕಡಿಮೆ. ಮಿನಿ ಮೆಟ್ರೊವನ್ನೇ ನೋಡಿ. ‘ನಾರ್ಮಲ್’ ಎಂಬ ಬಗೆಯಲ್ಲಿ ನಿಲ್ದಾಣ ತುಂಬಿ ತುಳುಕಿದರೆ ಆಟ ಮುಗಿಯಿತು. ಕೊನೆಯ ನಿಮಿಷಗಳಲ್ಲಿ ಅಂಗೈ ಬೆವರುತ್ತದೆ. ‘ಎಂಡ್‌ಲೆಸ್’ನಲ್ಲಿ ಸೋಲೇ ಇಲ್ಲ. ‘ಎಕ್ಸ್‌ಟ್ರೀಮ್’ನಲ್ಲಿ ಒಮ್ಮೆ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ‘ಕ್ರಿಯೇಟಿವ್’ನಲ್ಲಿ ಯಾರ ಹಂಗೂ ಇಲ್ಲದೆ ನಿಮ್ಮಿಷ್ಟದ ಊರು ಕಟ್ಟಬಹುದು. ಚಿತ್ರ ಅದೇ, ಸಂಗೀತವೂ ಅದೇ, ಆದರೆ ಒಬ್ಬರಿಗೆ ನೆಮ್ಮದಿ ಕೊಟ್ಟದ್ದು ಇನ್ನೊಬ್ಬರಿಗೆ ಆಕಳಿಕೆ ತರಿಸುತ್ತದೆ. ಹಾಗಾದರೆ ನೆಮ್ಮದಿ ಇರುವುದು ಆಟದೊಳಗಲ್ಲ. ಆಡುವವರಿಗೆ ಅವತ್ತು ಏನು ಬೇಕಾಗಿತ್ತು, ಆಟ ಏನು ಕೊಟ್ಟಿತು, ಇವೆರಡೂ ಕೂಡಿಬಂದರೆ ಮಾತ್ರ ಅದು ಹುಟ್ಟುತ್ತದೆ.

ದಣಿವೆಂದರೆ ಎಲ್ಲರದೂ ಒಂದೇ ಅಲ್ಲ. ತಿರುವನಂತಪುರದ ಟೆಕ್ನೋಪಾರ್ಕ್ 1990ರಲ್ಲಿ ಹುಟ್ಟಿತು, ಕೊಚ್ಚಿಯ ಇನ್ಫೋಪಾರ್ಕ್ 2004ರಲ್ಲಿ. ಅಲ್ಲಿ ಇಡೀ ದಿನ ಕೋಡ್‌ನ ತಪ್ಪು ಹುಡುಕಿದವರ ತಲೆಯಲ್ಲಿ ಲೆಕ್ಕಾಚಾರದ ಭಾಗವೇ ಬಸವಳಿದಿರುತ್ತದೆ. ಕೊಚ್ಚಿಯ ಎಂ.ಜಿ. ರಸ್ತೆಯ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಗಳ ದಣಿವು ಕಾಲಿನದು, ಮುಖದ ಮೇಲೆ ಸದಾ ಇಟ್ಟುಕೊಳ್ಳಬೇಕಾದ ನಗುವಿನದು. ಅಂಗಡಿ ನೌಕರರಿಗೆ ಕೂರುವ ಹಕ್ಕು ಕೇರಳದಲ್ಲಿ ಕಾನೂನಾಗಿ ಬಂದದ್ದೇ 2018ರಲ್ಲಿ, ಅದೂ ಹೋರಾಟ ಮಾಡಿ. ಇವರಿಬ್ಬರಿಗೂ ಒಂದೇ ಆಟವನ್ನು ಶಿಫಾರಸು ಮಾಡುವುದು, ಜ್ವರಕ್ಕೂ ಉಳುಕಿಗೂ ಒಂದೇ ಕಷಾಯ ಕೊಟ್ಟ ಹಾಗೆ.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಜ್ 2007ರಲ್ಲಿ, ಕೆಲಸದ ನಂತರ ಮನಸ್ಸು ಚೇತರಿಸಿಕೊಳ್ಳುವುದಕ್ಕೆ ನಾಲ್ಕು ದಾರಿಗಳನ್ನು ಗುರುತಿಸಿದರು. ಕೆಲಸದ ಯೋಚನೆಯಿಂದ ಕಳಚಿಕೊಳ್ಳುವುದು, ಮೈಮನ ಸಡಿಲಾಗುವುದು, ಬೇರೆಯದೇನನ್ನಾದರೂ ಕಲಿತು ಪಳಗುವುದು, ಈ ಹೊತ್ತು ನನ್ನದು ಎಂಬ ಹಿಡಿತ ಇರುವುದು. ಇವುಗಳಲ್ಲಿ ಜನ ಮರೆಯುವುದು ಮೂರನೆಯದನ್ನು. ವಿಶ್ರಾಂತಿಯೆಂದರೆ ಏನೂ ಮಾಡದಿರುವುದು ಎಂದುಕೊಳ್ಳುತ್ತೇವೆ. ಆದರೆ ದಿನವಿಡೀ ಯಾರದೋ ಹುಕುಂ ಪಾಲಿಸಿದವರಿಗೆ, ತಲೆಗೆ ಕೆಲಸವೇ ಸಿಗದೆ ಬೇಸತ್ತವರಿಗೆ, ಸಣ್ಣದೊಂದು ಸವಾಲನ್ನು ಗೆಲ್ಲುವುದೇ ವಿಶ್ರಾಂತಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಮಿಲಿ ಕಾಲಿನ್ಸ್, ಆನಾ ಕಾಕ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. 45 ಜನರಿಗೆ ಮೊದಲು ಕಾಲು ಗಂಟೆ ಗಣಿತ ಕೊಟ್ಟು ಸುಸ್ತು ಮಾಡಿದರು. ಆಮೇಲೆ ಹತ್ತು ನಿಮಿಷ ಕೆಲವರಿಗೆ ಷಟ್ಕೋನದ ತುಂಡುಗಳನ್ನು ಜೋಡಿಸುವ ಮೊಬೈಲ್ ಆಟ, ಕೆಲವರಿಗೆ ಧ್ಯಾನದ ಆ್ಯಪ್, ಉಳಿದವರಿಗೆ ಬೆರಳಲ್ಲಿ ತಿರುಗಿಸುವ ಸ್ಪಿನ್ನರ್. ಆಟದವರಿಗೆ ಚೈತನ್ಯ ಮರಳಿತು. ಮಿಕ್ಕವರಿಗೆ ಅದು ಇನ್ನಷ್ಟು ಇಳಿಯಿತು. ಮನೆಯಲ್ಲೇ ಐದು ದಿನ ನಡೆಸಿದ ಎರಡನೆಯ ಪ್ರಯೋಗದಲ್ಲಿ ವಾರದ ಕೊನೆಗೆ ಹೆಚ್ಚು ಹಗುರಾದವರೂ ಆಟದವರೇ. ಅದರಲ್ಲಿದ್ದವರು 20 ಮಂದಿಯಷ್ಟೇ ಎಂಬುದನ್ನು ಮರೆಯಬಾರದು. ಧ್ಯಾನ ಬಿಟ್ಟು ಗೇಮ್ ಹಿಡಿಯಿರಿ ಎಂದು ಸಾರುವಷ್ಟು ದೊಡ್ಡ ಪುರಾವೆಯೇನಲ್ಲ. ಆದರೂ ತುಂಡು ಜೋಡಿಸುವ ಮಾಮೂಲಿ ಆಟಕ್ಕೆ ಇಷ್ಟಾದರೂ ಕಸುವಿದೆಯಲ್ಲ.

ಆ ಕಸುವು ಎಲ್ಲಿಂದ? ಒಂದು ಉತ್ತರ ಟೆಟ್ರಿಸ್‌ನಲ್ಲಿದೆ. ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಮಾಡಿದ ಈ ಆಟವನ್ನು ಎಮಿಲಿ ಹೋಮ್ಸ್ ಎಂಬ ವಿಜ್ಞಾನಿ ಚಿಕಿತ್ಸೆಯ ಕೋಣೆಗೆ ತಂದರು. ನಮ್ಮ ತಲೆಯಲ್ಲಿ ಆ ಕ್ಷಣದ ಕೆಲಸಕ್ಕೆಂದು ಇರುವ ನೆನಪಿನ ಜಾಗ ಬಹಳ ಕಿರಿದು. ಏಕಕಾಲಕ್ಕೆ ಸುಮಾರು ನಾಲ್ಕು ಸಂಗತಿಗಳಿಗಿಂತ ಹೆಚ್ಚು ಹಿಡಿಯದು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕವನ್ 2001ರಲ್ಲಿ ವಾದಿಸಿದ್ದರು. ಕಣ್ಣಿಗೆ ಕಟ್ಟುವ ಕಹಿ ಚಿತ್ರಗಳೂ, ತಿರುಗುತ್ತ ಬೀಳುವ ಟೆಟ್ರಿಸ್ ತುಂಡುಗಳೂ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆಕ್ಸ್‌ಫರ್ಡಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ರಸ್ತೆ ಅಪಘಾತವಾಗಿ ಬಂದ 71 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಘಾತವನ್ನು ಒಮ್ಮೆ ನೆನೆಸಿಕೊಂಡು ಬಳಿಕ ಟೆಟ್ರಿಸ್ ಆಡಿದವರಿಗೆ ಮುಂದಿನ ವಾರದಲ್ಲಿ ಬೇಡದ ನೆನಪುಗಳು ನುಗ್ಗಿಬಂದದ್ದು ಉಳಿದವರಿಗಿಂತ 62% ಕಡಿಮೆ. ಅದು ಸಂಶೋಧಕರ ನಿಗಾದಲ್ಲಿ ನಡೆದದ್ದು, ಮನೆಮದ್ದಲ್ಲ. ಆದರೆ ಮೇಲಧಿಕಾರಿಯ ಮುಖವೇ ಕಣ್ಮುಂದೆ ಬರುತ್ತಿರುವ ಸಂಜೆಗೆ ಆಕಾರ ಜೋಡಿಸುವ ಆಟ ಯಾಕೆ ಒದಗೀತು ಎಂಬುದಕ್ಕೆ ಸುಳಿವು ಇದರಲ್ಲಿದೆ. ಮಾತಿನ ಚಿಂತೆಗೆ, ಅಂದರೆ ತಲೆಯೊಳಗೆ ಮುಗಿಯದ ವಾಗ್ವಾದಕ್ಕೆ, ಪದಬಂಧವೇ ಹೆಚ್ಚು ಒಗ್ಗಬಹುದೆಂಬುದು ಈ ತರ್ಕವನ್ನು ಎಳೆದ ನನ್ನ ಊಹೆ.

ಇನ್ನು ಆಡುವವರ ಸ್ವಭಾವ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ, ಬರೀ ಅಕ್ಷರಗಳ ಗುಂಪಾಟವೊಂದನ್ನು ಕಟ್ಟಿದವರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್, 1996ರಲ್ಲಿ ಆಟಗಾರರನ್ನು ನಾಲ್ಕು ಜಾತಿ ಮಾಡಿದರು: ಸಾಧಿಸುವವರು, ಹುಡುಕಾಡುವವರು, ಬೆರೆಯುವವರು, ಹೊಡೆದಾಡುವವರು. ಚೆಂದದ ವಿಂಗಡಣೆ, ಆದರೆ ಅನುಭವದ ಮಾತು. ಆಟಗಾರರ ಬಗ್ಗೆ ಸಂಶೋಧನೆ ಮಾಡುವ ನಿಕ್ ಯೀ ಪ್ರಶ್ನಾವಳಿ, ಅಂಕಿಅಂಶ ಹಿಡಿದು ನೋಡಿದಾಗ ಜನ ಹೀಗೆ ಒಂದೊಂದು ಪೆಟ್ಟಿಗೆಯಲ್ಲಿ ಕೂರುವುದಿಲ್ಲವೆಂದು ಕಂಡಿತು. ಒಬ್ಬರಲ್ಲೇ ಹಲವು ಪ್ರೇರಣೆಗಳು ಹೆಚ್ಚುಕಡಿಮೆ ಪ್ರಮಾಣದಲ್ಲಿ ಇರುತ್ತವೆ. ಅವರ ‘ಕ್ವಾಂಟಿಕ್ ಫೌಂಡ್ರಿ’ ಸಂಸ್ಥೆ ಈಗ ಹನ್ನೆರಡು ಪ್ರೇರಣೆಗಳನ್ನು ಅಳೆಯುತ್ತದೆ. ಒಗಟಿನ ಆಟಕ್ಕೆ ಅವುಗಳಲ್ಲಿ ನಾಲ್ಕೈದು ಸಾಕು.

ಕೆಲವರಿಗೆ ಎಲ್ಲವೂ ಪೂರ್ತಿಯಾಗಬೇಕು, ಒಂದೂ ಬಾಕಿ ಉಳಿಯಬಾರದು. ಅವರಿಗೆ ಗುಂಡಿ ಒತ್ತಿ ಒಂದೊಂದೇ ಕೊಕ್ಕೆ ಬಿಡಿಸುತ್ತ ತೆರೆಯನ್ನು ಖಾಲಿ ಮಾಡುವ ‘ಹುಕ್’, ಅಸ್ತವ್ಯಸ್ತ ಡ್ರಾಯರನ್ನು ಓರಣ ಮಾಡುವ ‘ಎ ಲಿಟಲ್ ಟು ದ ಲೆಫ್ಟ್’ ಹೇಳಿ ಮಾಡಿಸಿದ ಹಾಗಿವೆ. ಹುಡುಕಾಟದ, ಬೆರಗಿನ ಜನಕ್ಕೆ 2014ರ ‘ಮಾನ್ಯುಮೆಂಟ್ ವ್ಯಾಲಿ’. ಡಚ್ ಕಲಾವಿದ ಎಶರ್‌ನ ಚಿತ್ರಗಳ ಜಾಡಿನಲ್ಲಿ, ಹತ್ತಿದರೆ ಇಳಿಯುವ, ಇಳಿದರೆ ಹತ್ತುವ ಮೆಟ್ಟಿಲುಗಳು ಅದರಲ್ಲಿವೆ. ಕಷ್ಟ ಕಡಿಮೆ, ಕಣ್ಣಿಗೆ ಹಬ್ಬ. ಒಗಟೆಂದರೆ ಒದ್ದಾಡಬೇಕು ಎನ್ನುವವರು ಅದನ್ನು ಒಂದು ಸಂಜೆಯಲ್ಲಿ ಮುಗಿಸಿ ‘ಇಷ್ಟೇನಾ?’ ಎನ್ನುತ್ತಾರೆ, ಅವರಿಗೆ ಅಂಕಿಗಳನ್ನು ಸರಿಸಿ ಕೂಡಿಸುವ ‘ಥ್ರೀಸ್’ ಕೊಡಬೇಕು. ಕಟ್ಟುವ ಚಪಲದವರಿಗೆ ಮಿನಿ ಮೆಟ್ರೊದ ಕ್ರಿಯೇಟಿವ್, ಇಲ್ಲವೇ ಷಟ್ಕೋನದ ಬಿಲ್ಲೆಯಿಟ್ಟು ಹಳ್ಳಿ, ಕಾಡು ಬೆಳೆಸುವ ‘ಡೋರ್ಫ್‌ರೊಮಾಂಟಿಕ್’.

ಇಂಥ ಸರಳ ಆಟಗಳಲ್ಲಿ ಹೊಸತೇನೂ ಇಲ್ಲವೆಂದು ಕಾಸರಗೋಡಿನ ಅಜ್ಜಿಯಂದಿರು ಹೇಳಿಯಾರು. ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕು ಕಾಯಿ: ಚೆನ್ನೆಮಣೆಗಿಂತ ‘ಮಿನಿಮಲ್’ ಆದ ಆಟ ಯಾವುದಿದೆ? ಮಳೆ ಬಿಡದೆ ಸುರಿಯುವ, ಹೊರಗೆ ಕೆಲಸವಿಲ್ಲದ ಆಟಿ ತಿಂಗಳು ಅದರ ಕಾಲ. ಕೇರಳದವರ ಕರ್ಕಿಡಕ ಮಾಸ ಅದೇ. ಗುಳಿಯಲ್ಲಿ ಓಡಾಡುವ ಕೆಂಪು ಮಂಜೊಟ್ಟಿ ಮಲಯಾಳಿಗಳ ಮಂಜಾಡಿಯೇ. ಒಬ್ಬರೇ ಕೂತು ಆಡುವ ಬಗೆಗೆ ತುಳುನಾಡಿನಲ್ಲಿ ಸೀತೆಯ ಹೆಸರಿದೆ: ಗೆಲ್ಲಲು ಎದುರಾಳಿಯಿಲ್ಲ, ಕಾಯಿ ಸುತ್ತುತ್ತಲೇ ಇರುತ್ತವೆ. ಎಂಡ್‌ಲೆಸ್ ಎಂದು ಮೊಬೈಲ್‌ನವರು ಕರೆಯುವುದೂ ಹೆಚ್ಚುಕಡಿಮೆ ಇದನ್ನೇ.

ಕಷ್ಟ ಎಷ್ಟಿರಬೇಕು ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ತಂಡದ 2019ರ ಕೆಲಸ ಬೆಳಕು ಚೆಲ್ಲುತ್ತದೆ. ತಮ್ಮ ರೂಪಕ್ಕೆ ಇತರರು ಎಷ್ಟು ಅಂಕ ಕೊಟ್ಟಾರೆಂದು ಕಾಯುತ್ತ ಕೂತ ವಿದ್ಯಾರ್ಥಿಗಳಿಗೆ ಟೆಟ್ರಿಸ್ ಕೊಟ್ಟರು. ತೀರ ಸುಲಭದ್ದು ಸಿಕ್ಕವರೂ ಚಡಪಡಿಸಿದರು, ತೀರ ಕಷ್ಟದ್ದು ಸಿಕ್ಕವರೂ ಚಡಪಡಿಸಿದರು. ಆಡುವವರ ಕೈಚಳಕಕ್ಕೆ ತಕ್ಕಂತೆ ವೇಗ ಬದಲಿಸುವ ಟೆಟ್ರಿಸ್ ಸಿಕ್ಕವರ ಕಾಯುವಿಕೆ ಹಗುರಾಯಿತು.

ಒಗಟಿನ ಆಟ ಎಂದ ಮಾತ್ರಕ್ಕೆ ಅದು ನಿರಪಾಯವೂ ಅಲ್ಲ. ‘ಕ್ಯಾಂಡಿ ಕ್ರಷ್’ ಆಡುವವರ ಎದೆಬಡಿತ, ಚರ್ಮದ ತೇವವನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಅಳೆದು 2017ರಲ್ಲಿ ವರದಿ ಮಾಡಿದರು. ಪೂರ್ತಿ ಸೋತದ್ದಕ್ಕಿಂತ, ಇನ್ನೊಂದೇ ನಡೆಯಲ್ಲಿ ತಪ್ಪಿಹೋದ ಗೆಲುವು ಹೆಚ್ಚು ಕೆರಳಿಸಿತ್ತು. ಮತ್ತೆ ಆಡಬೇಕೆಂಬ ತುಡಿತವೂ ಆಗಲೇ ಜಾಸ್ತಿ. ಬಿಟ್ಟಿ ಆಟಗಳು ದುಡ್ಡು ಕೇಳುವುದು ಬಹುಪಾಲು ಆ ಗಳಿಗೆಯಲ್ಲೇ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಟಕ್ಕೆ ನಿಮ್ಮನ್ನು ಹಿಡಿದಿಟ್ಟು ಗಳಿಸಬೇಕಾದ್ದೇನೂ ಇಲ್ಲ. ನನ್ನ ಒಲವು ಆ ಕಡೆಗೆ. ಹಿಡಿತ ತಪ್ಪಿದವರ ಕಥೆಯೂ ಇದೇ ಊರುಗಳಲ್ಲಿದೆ. ಗೇಮ್, ಮೊಬೈಲ್‌ಗೆ ಅಂಟಿಕೊಂಡ ಮಕ್ಕಳಿಗಾಗಿ ಕೇರಳ ಪೊಲೀಸರು 2023ರಲ್ಲಿ ‘ಡಿ-ಡ್ಯಾಡ್’ ಕೇಂದ್ರಗಳನ್ನು ತೆರೆದ ನಗರಗಳಲ್ಲಿ ಕೊಚ್ಚಿ, ತಿರುವನಂತಪುರ ಎರಡೂ ಸೇರಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ ಅದಕ್ಕೂ ಹಿಂದಿನದು.

ಎಷ್ಟು ಹೊತ್ತು ಆಡಿದರೆ ಸಾಕು? ಕೊಳೆ ತೊಳೆಯುವ ‘ಪವರ್‌ವಾಷ್ ಸಿಮ್ಯುಲೇಟರ್’ ಎಂಬ ಸಮಾಧಾನದ ಆಟವನ್ನು 39 ದೇಶಗಳ 8,695 ಮಂದಿ ಆಡುವಾಗಲೇ ಮನಃಸ್ಥಿತಿ ಕೇಳಿ ದಾಖಲಿಸಿದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ, ಸರಾಸರಿ ಏರಿಕೆ ಚಿಕ್ಕದೇ, ಅದೂ ಮೊದಲ ಕಾಲು ಗಂಟೆಯೊಳಗೆ ಕಾಣಿಸಿತು. ನಿಲ್ಲಿಸುವುದೇ ತೊಡಕು. ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮನಸ್ಸು ಮರಳಲು ಹವಣಿಸುತ್ತದೆಂದು ಮನಶ್ಶಾಸ್ತ್ರಜ್ಞೆ ಮರಿಯಾ ಓವ್ಸಿಯಾಂಕಿನಾ 1928ರಲ್ಲೇ ತೋರಿಸಿದ್ದರು. ಹಾಗಾಗಿ ಕೊನೆಯಿರುವ ಆಟ ವಾಸಿ. ದಿನಕ್ಕೊಂದೇ ಪದ ಕೊಡುವ ‘ವರ್ಡಲ್’ನ ಜಾಣತನವೂ ಇದೇ. ಎರ್ನಾಕುಲಂನಿಂದ ತಿರುವನಂತಪುರಕ್ಕೆ ಹೋಗುವ ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ ‘ಹುಕ್’ ಶುರುಮಾಡಿದರೆ, ಅದರ 50 ಹಂತಗಳು ಕೊಟ್ಟಾಯಂ ಸುತ್ತಮುತ್ತ ಮುಗಿದೇ ಹೋಗುತ್ತವೆ. ಮುಂದಿನ ದಾರಿಗೆ, ಅದನ್ನೇ ಮಾಡಿದವರ ‘ಕ್ಲೊಟ್ಸ್ಕಿ’ ಇದೆ. ಒಡನಾಟವೇ ಬೇಕೆನ್ನುವವರಿಗೆ, ಇಸ್ಪೀಟು ಹಂಚುತ್ತ ಕೂತ ಸೀಸನ್ ಟಿಕೆಟ್‌ನ ಗುಂಪು ಯಾವುದಾದರೂ ಬೋಗಿಯಲ್ಲಿ ಸಿಕ್ಕೀತು.