ಮರಣದಂಡನೆಯಿಂದ ಅಪರಾಧ ತಗ್ಗುವುದೆ?

ಪ್ರಾಣಭಯವೊಂದೇ ಕೊಲೆಪಾತಕವನ್ನು ತಡೆಯಬಲ್ಲುದೆಂಬುದು ಮರಣದಂಡನೆಯ ಸಮರ್ಥಕರ ಪ್ರಧಾನ ವಾದ. ಭಾರತದ ಕಾನೂನು ಆಯೋಗವು 1967ರ ತನ್ನ 35ನೆಯ ವರದಿಯಲ್ಲಿ ಈ ವಾದವನ್ನು ಮನ್ನಿಸಿ, ದಂಡನೆಯನ್ನು ತೆಗೆದುಹಾಕುವ ಪ್ರಯೋಗಕ್ಕೆ ದೇಶವು ಕೈಹಾಕಲಾಗದೆಂದಿತು. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿದರೂ, ಅಪರೂಪದಲ್ಲೇ ಅಪರೂಪದ ಪ್ರಸಂಗಗಳಿಗೆ ಮಿತಗೊಳಿಸಿತು. 2015ರ 262ನೆಯ ವರದಿಯಲ್ಲಾದರೋ ಅದೇ ಆಯೋಗವು, ಜೀವಾವಧಿ ಸೆರೆವಾಸಕ್ಕಿಂತ ಮರಣದಂಡನೆಯು ಅಪರಾಧವನ್ನು ಹೆಚ್ಚು ತಡೆಯುವುದಿಲ್ಲವೆಂದು ಕಂಡು, ಭಯೋತ್ಪಾದನೆ ಹಾಗೂ ರಾಷ್ಟ್ರದ ವಿರುದ್ಧ ಯುದ್ಧ ಹೂಡುವ ಅಪರಾಧಗಳನ್ನುಳಿದು ಮಿಕ್ಕವಕ್ಕೆ ಅದನ್ನು ರದ್ದುಗೊಳಿಸಬೇಕೆಂದು ಶಿಫಾರಸು ಮಾಡಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಮಾತ್ರ ಅದನ್ನು ಉಳಿಸಿಕೊಂಡಿದೆ.

ಇದರ ಮರ್ಮವನ್ನು ಇಟಲಿಯ ಬೆಕ್ಕಾರಿಯಾ 1764ರಲ್ಲಿಯೇ ವಿವೇಚಿಸಿದ್ದನು. ಶಿಕ್ಷೆಯ ಉಗ್ರತೆಗಿಂತ ಅದು ತಪ್ಪದೆ ಒದಗುವುದೆಂಬ ನಿಶ್ಚಯವೇ ಅಪರಾಧವನ್ನು ಹೆಚ್ಚಾಗಿ ತಡೆಯುವುದೆಂಬುದು ಅವನ ಮತ. ಕ್ರೋಧಾಂಧನಾದವನು ಫಲಾಫಲಗಳನ್ನು ಎಣಿಸುವುದೇ ಇಲ್ಲ. ಎಣಿಸಿ ಕೊಲ್ಲುವವನಾದರೂ ಅಂಜಿಯಾನೆಂಬ ಪ್ರತಿವಾದವುಂಟು. ಆದರೆ ತಾನು ಸಿಕ್ಕಿಬೀಳಲಾರೆನೆಂದು ನಂಬಿದವನಿಗೆ ಗಲ್ಲೂ ಒಂದೆ, ಸೆರೆಯೂ ಒಂದೆ. ಆದಕಾರಣ ಚುರುಕಾದ ತನಿಖೆ, ವಿಳಂಬವಿಲ್ಲದ ವಿಚಾರಣೆಗಳೇ ಅವನನ್ನು ಹಿಮ್ಮೆಟ್ಟಿಸಬಲ್ಲವು. ನ್ಯಾಯಾಧೀಶನೂ ಮನುಷ್ಯನೇ, ತಪ್ಪಾಗಿ ಸೆರೆಗೆ ಕಳುಹಿದವನನ್ನು ಬಿಡಿಸಬಹುದು, ತಪ್ಪಾಗಿ ತೆಗೆದ ಪ್ರಾಣವನ್ನು ಮರಳಿಸಲಾಗದು.