ಮೊದಲು ತೂಕ, ಆಮೇಲೆ ಮೋಟಾರು

ನಮ್ಮ ವಾಚನಾಲಯಕ್ಕೆ ಬರುವ ತರುಣ ಮಿತ್ರರಲ್ಲಿ ಕೆಲವರಿಗೆ ರೇಡಿಯೋದಿಂದ ನಡೆಸುವ ಮಾದರಿ ವಿಮಾನ ಕಟ್ಟುವ ಹವ್ಯಾಸ ಹತ್ತಿದೆ. ಅವರೆಲ್ಲ ಕೇಳುವುದು ಒಂದೇ: “ಯಾವ ಮೋಟಾರು ಕೊಳ್ಳೋಣ, ಸ್ವಾಮಿ?” ಈ ಪ್ರಶ್ನೆಯನ್ನು ಮೊದಲು ಕೇಳುವುದೇ ತಪ್ಪು. ನಾನೂ ಹಾಗೆ ಕೇಳಿ ಕೆಟ್ಟವನೇ. ಅಂಗಡಿಯಲ್ಲಿದ್ದ ದೊಡ್ಡ ಮೋಟಾರನ್ನು ತಂದು ಮೂತಿಗೆ ಕಟ್ಟಿದೆ. ಕೈಯಿಂದ ಬಿಟ್ಟೊಡನೆ ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು. ಎರಡು ತಿಂಗಳ ಉಳಿತಾಯ ಎರಡು ಸೆಕೆಂಡಿನಲ್ಲಿ ಹೋಯಿತು. ಊರಿಗೆ ಹಣ ಕಳಿಸಿ ಮಿಕ್ಕದ್ದರಲ್ಲಿ ಕೊಳ್ಳುವ ನಮಗೆ ಇಂಥ ಪಾಠ ಬಲು ದುಬಾರಿ. ಆದುದರಿಂದ ಮೊದಲು ಕಾಗದ ಪೆನ್ಸಿಲು ಹಿಡಿದು ತೂಕದ ಲೆಕ್ಕ ಹಾಕಬೇಕು.

ಉದಾಹರಣೆಗೆ, ರೆಕ್ಕೆ ಮೇಲ್ಗಡೆ ಇರುವ, ಕಲಿಯುವವರಿಗೆ ತಕ್ಕ 800 ಗ್ರಾಂ ವಿಮಾನವೊಂದನ್ನು ತೆಗೆದುಕೊಳ್ಳೋಣ. ಒಡಲು, ರೆಕ್ಕೆ, ಬಾಲ ಸೇರಿ 420 ಗ್ರಾಂ, ಬ್ಯಾಟರಿ 180, ಮೋಟಾರು, ಪ್ರೊಪೆಲ್ಲರು, ವೇಗ ನಿಯಂತ್ರಕ 90, ನಾಲ್ಕು ಸರ್ವೋ, ರಿಸೀವರು, ತಂತಿ 60, ಚಕ್ರ, ಕಡ್ಡಿ, ಅಂಟು 50. ಕೂಡಿದರೆ 800. ಜಮಾಖರ್ಚಿನಂತೆ ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಸಾಮಾನು ಕೊಳ್ಳತಕ್ಕದ್ದು.

ಇನ್ನು ಶಕ್ತಿಯ ಮಾತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಬರುತ್ತದೆ. ನಿಧಾನವಾಗಿ ಹಾರುವ ಕಲಿಕೆಯ ವಿಮಾನಕ್ಕೆ ಕಿಲೋ ತೂಕಕ್ಕೆ ಸುಮಾರು 150 ವಾಟ್ ಸಾಕೆಂಬುದು ಹವ್ಯಾಸಿಗಳ ರೂಢಿ. ಪಲ್ಟಿ ಹೊಡೆಸುವ ವಿಮಾನಕ್ಕೆ 220ಕ್ಕೂ ಮೇಲೆ ಬೇಕು. ನಮ್ಮ 800 ಗ್ರಾಂಗೆ 120 ವಾಟ್ ಆಯಿತು. ಮೂರು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿಯ ವೋಲ್ಟು 11.1. ಭಾಗಿಸಿದರೆ ಸುಮಾರು 11 ಆಂಪಿಯರ್. ಇಷ್ಟನ್ನು ಬಿಸಿಯಾಗದೆ ತಾಳಿಕೊಳ್ಳುವ ಮೋಟಾರು ನಮಗೆ ಬೇಕು.

ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಬ್ರಷ್ ಇಲ್ಲದ, ಮೂರು ತಂತಿಯ ಮೋಟಾರು. ಅದರ ಮೇಲೆ ‘2212, 1000 ಕೆ.ವಿ.’ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. 22 ಎಂದರೆ ಒಳಗೆ ತಂತಿ ಸುತ್ತಿದ ಭಾಗದ ಅಡ್ಡಗಲ, 12 ಅದರ ಎತ್ತರ, ಎರಡೂ ಮಿಲಿಮೀಟರಿನಲ್ಲಿ. ಕೆಲವು ತಯಾರಕರು ಹೊರಚಿಪ್ಪಿನ ಅಳತೆಯನ್ನು ಬರೆಯುವುದುಂಟು, ವಿಚಾರಿಸಿಕೊಳ್ಳಿ. ಕೆ.ವಿ. ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಒಂದು ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ ಅದು. 1000 ಕೆ.ವಿ. ಮೋಟಾರು 11.1 ವೋಲ್ಟಿನಲ್ಲಿ ಸುಮಾರು 11,100 ಸುತ್ತು ತಿರುಗುತ್ತದೆ. ಪ್ರೊಪೆಲ್ಲರು ಹಾಕಿದ ಮೇಲೆ ಇದು ಕಡಿಮೆಯಾಗುತ್ತದೆ.

ಕೆ.ವಿ. ಹೆಚ್ಚಿದ್ದರೆ ಬಲ ಹೆಚ್ಚೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಕಡಿಮೆ ಕೆ.ವಿ. ಮೋಟಾರು ಎತ್ತಿನಂತೆ: ನಿಧಾನ, ಆದರೆ ದೊಡ್ಡ ಪ್ರೊಪೆಲ್ಲರನ್ನು ಎಳೆಯುತ್ತದೆ. ಹೆಚ್ಚು ಕೆ.ವಿ. ಮೋಟಾರು ಟಾಂಗಾ ಕುದುರೆಯಂತೆ: ಓಟ ಜಾಸ್ತಿ, ಹೊರೆ ಸಣ್ಣದಿರಬೇಕು. 2200 ಕೆ.ವಿ. ಮೋಟಾರಿಗೆ 10 ಅಂಗುಲದ ಪ್ರೊಪೆಲ್ಲರು ಕಟ್ಟಿದರೆ ಅದು ಮಿತಿಮೀರಿ ವಿದ್ಯುತ್ ಎಳೆದು ಸುಟ್ಟುಹೋಗುತ್ತದೆ. ನಮ್ಮ 2212ಕ್ಕೆ 10 ಅಂಗುಲ ಉದ್ದ, 4.5 ಅಂಗುಲ ಪಿಚ್ ಇರುವ ಪ್ರೊಪೆಲ್ಲರು ಸರಿಹೊಂದುತ್ತದೆ. ಸುಮಾರು 12ರಿಂದ 15 ಆಂಪಿಯರ್ ಎಳೆಯುತ್ತದೆ. ತಯಾರಕರ ಕೋಷ್ಟಕವನ್ನು ನೋಡಿಯೇ ಪ್ರೊಪೆಲ್ಲರು ಆರಿಸಿ. ಮೋಟಾರು ಹಿಂದುಮುಂದಾಗಿ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು.

ವೇಗ ನಿಯಂತ್ರಕವನ್ನು ಅಂಗಡಿಯಲ್ಲಿ ಇ.ಎಸ್.ಸಿ. ಎಂದು ಕೇಳಬೇಕು. ಮೋಟಾರು ಎಳೆಯುವುದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ತಾಳುವಂಥದಿರಲಿ. ಇಲ್ಲಿ 20 ಆಂಪಿಯರಿನದು. ಬ್ಯಾಟರಿ 2200 ಮಿಲಿಆಂಪಿಯರ್ ಗಂಟೆಯದಾದರೆ, ಅದರ ನೂರಕ್ಕೆ 80 ಪಾಲು ಮಾತ್ರ ಬಳಸಿ. ಒಂದೇ ಸಮನೆ 12 ಆಂಪಿಯರ್ ಎಳೆದರೂ ಸುಮಾರು 9 ನಿಮಿಷ ಹಾರಾಟ ಸಿಗುತ್ತದೆ. 1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬವರು ವಿದ್ಯುತ್ ಮೋಟಾರಿನ ಮಾದರಿಯನ್ನು ರೇಡಿಯೋದಿಂದ ಹಾರಿಸಿದಾಗ ಬೆಳ್ಳಿ-ಸತುವಿನ ಬ್ಯಾಟರಿ ಬಳಸಿದ್ದರು. ಇಂದಿನ ಹಗುರ ಬ್ಯಾಟರಿಯಿಂದಲೇ ಈ ಹವ್ಯಾಸ ನಮ್ಮ ಕೈಗೆಟುಕಿದೆ.

ಇನ್ನು ಸರ್ವೋ. ಪುಟ್ಟ ಮೋಟಾರು, ಹಲ್ಲುಚಕ್ರಗಳು, ತೋಳು ಎಲ್ಲಿದೆಯೆಂದು ಅಳೆಯುವ ಸಾಧನ, ಇವಿಷ್ಟೂ ಒಂದು ಪೆಟ್ಟಿಗೆಯಲ್ಲಿರುತ್ತವೆ. ರಿಸೀವರಿನಿಂದ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಸಂಕೇತ ಬರುತ್ತದೆ. ಸಂಕೇತದ ಅವಧಿ 1.5 ಮಿಲಿಸೆಕೆಂಡು ಇದ್ದರೆ ತೋಳು ನಡುವೆ ನಿಲ್ಲುತ್ತದೆ. 1 ಇದ್ದರೆ ಒಂದು ಬದಿಗೆ, 2 ಇದ್ದರೆ ಇನ್ನೊಂದು ಬದಿಗೆ ಹೊರಳುತ್ತದೆ. ರೆಕ್ಕೆಯ ಏಲೆರಾನುಗಳಿಗೆ ಎರಡು, ಬಾಲದ ಎಲಿವೇಟರಿಗೆ ಒಂದು, ರಡ್ಡರಿಗೆ ಒಂದು, ಹೀಗೆ ನಾಲ್ಕು ಬೇಕು. ಈ ಗಾತ್ರಕ್ಕೆ 9 ಗ್ರಾಂ ಸರ್ವೋ ಸಾಕು.

ಅದರ ಬಲ 1.8 ಕಿಲೋ-ಸೆಂಟಿಮೀಟರು ಎಂದಿದ್ದರೆ, ತೋಳಿನ ನಡುವಿನಿಂದ 1 ಸೆಂಟಿಮೀಟರಿನಲ್ಲಿ 1.8 ಕಿಲೋ, 2 ಸೆಂಟಿಮೀಟರಿನಲ್ಲಿ 900 ಗ್ರಾಂ ತಡೆಯುತ್ತದೆ. ಆದ್ದರಿಂದ ಕಡ್ಡಿಯನ್ನು ತೋಳಿನ ಒಳತೂತಿಗೆ ಸಿಕ್ಕಿಸಿದರೆ ಬಲ ಹೆಚ್ಚು, ಚಲನೆ ಕಡಿಮೆ. ಮುಖ್ಯವಾದ ಮಾತೊಂದಿದೆ: ಸರ್ವೋಗಳಿಗೂ ರಿಸೀವರಿಗೂ ವಿದ್ಯುತ್ತು ಬರುವುದು ಇ.ಎಸ್.ಸಿ.ಯಿಂದಲೇ. ಕೀಲು ಬಿಗಿಯಾಗಿ ಸರ್ವೋ ಸಿಕ್ಕಿಕೊಂಡರೆ ಅದು ವಿಪರೀತ ವಿದ್ಯುತ್ತು ಎಳೆದು ರಿಸೀವರನ್ನೇ ಆರಿಸಿಬಿಡಬಹುದು. ಆಗ ವಿಮಾನ ನಿಮ್ಮ ಮಾತು ಕೇಳದು. ಕಡ್ಡಿ ಜೋಡಿಸುವ ಮೊದಲು ಬೆರಳಿನಿಂದ ಅಲ್ಲಾಡಿಸಿ ನೋಡಿ, ಕೀಲು ಸರಾಗವಾಗಿ ಆಡಬೇಕು.

ಕೊನೆಗೆ ಕೆಲವು ಎಚ್ಚರಿಕೆಗಳು. ಪರೀಕ್ಷೆಯನ್ನೆಲ್ಲ ಪ್ರೊಪೆಲ್ಲರು ತೆಗೆದಿಟ್ಟೇ ಮಾಡಿ; ಅದು ಬೆರಳು ಕತ್ತರಿಸಬಲ್ಲದು. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರು ಹಚ್ಚಿ, ಆಮೇಲೆ ಬ್ಯಾಟರಿ ಜೋಡಿಸಿ. ಆರಿಸುವಾಗ ಬ್ಯಾಟರಿ ಮೊದಲು. ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಮಾಡಿದ ಚಾರ್ಜರಿನಲ್ಲಿ, ಎದುರಿಗೆ ಕುಳಿತು ತುಂಬಿಸಿ. ನಾಲ್ಕಾರು ಮಂದಿ ಮಲಗುವ ಖೋಲಿಯಲ್ಲಿ ರಾತ್ರಿ ಚಾರ್ಜಿಗೆ ಹಾಕಿ ನಿದ್ದೆಹೋಗಕೂಡದು; ಅದು ಹೊತ್ತಿಕೊಂಡರೆ ಹೋಗುವುದು ನಿಮ್ಮ ಒಬ್ಬರದೇ ಅಲ್ಲ. 2021ರ ಡ್ರೋನ್ ನಿಯಮಗಳಂತೆ ಕೆಂಪು ವಲಯದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಹಾರಿಸಕೂಡದು. ಮೈದಾನಕ್ಕೆ ಹೋಗುವ ಮುಂಚೆ ವಲಯದ ನಕ್ಷೆಯನ್ನು ನೋಡಿಕೊಳ್ಳಿ.

ಅಂಗಡಿಗೆ ಹೋಗುವಾಗ ತೂಕದ ಪಟ್ಟಿ ಜೇಬಿನಲ್ಲಿರಲಿ. ಅಂಗಡಿಯವನು ಎಷ್ಟೇ ದೊಡ್ಡ ಮೋಟಾರು ತೋರಿಸಿದರೂ ಪಟ್ಟಿ ಒಪ್ಪದಿದ್ದರೆ ಕೊಳ್ಳಬೇಡಿ. ಲೆಕ್ಕ ತಿಳಿಯದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಕೂಡಿ ಹಾಕೋಣ.