ಮೂಟೆ ಬಾಟಲಿಯೊಳಗೆ ಹೋಗುತ್ತಾ?

ವೀಕ್ಷಕರೇ, ಟಿವಿಯಲ್ಲಿ ಕೂತು ಮಾತಾಡೋ ನಮಗೆ ಒಂದು ಕಾಯಿಲೆ ಇದೆ. ಅರ್ಥ ಗೊತ್ತಿಲ್ಲದ ಪದವನ್ನೂ ಗೊತ್ತಿರೋ ಹಾಗೆ ಜೋರಾಗಿ ಹೇಳಿಬಿಡ್ತೀವಿ. ‘ನ್ಯಾನೋ ಕ್ರಾಂತಿ’ ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಒಂದು ದಿನ ಫೋನ್-ಇನ್ ಕಾರ್ಯಕ್ರಮದಲ್ಲಿ ಮಂಡ್ಯ ಕಡೆಯ ರೈತರೊಬ್ಬರು ಕೇಳಿದರು: ‘ಸಾರ್, ಅರ್ಧ ಲೀಟರ್ ನ್ಯಾನೋ ಯೂರಿಯಾ ಒಂದು ಮೂಟೆಗೆ ಸಮ ಅಂತಾರೆ. ಮೂಟೆ ಹೊತ್ತು ಹೆಗಲು ಸವೆಸಿಕೊಂಡೋನು ನಾನು. ಅಷ್ಟೂ ಆ ಬಾಟ್ಲಿಯೊಳಗೆ ಹೆಂಗೆ ಹೋಯ್ತು?’

ನನ್ನಲ್ಲಿ ಉತ್ತರ ಇರಲಿಲ್ಲ. ಬ್ರೇಕ್ ತಗೊಂಡೆ. ಆಮೇಲೆ ಓದೋಕೆ ಕೂತೆ.

ನ್ಯಾನೋ ಅನ್ನೋದು ವಸ್ತುವಿನ ಹೆಸರಲ್ಲ, ಅಳತೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳಿಂದಾದ ವಸ್ತುವನ್ನು ನ್ಯಾನೋ ವಸ್ತು ಅಂತಾರೆ.

ಅಷ್ಟು ಸಣ್ಣದಾದರೆ ಏನು ಲಾಭ? ಬೆಲ್ಲದ ಅಚ್ಚು ನೀರಲ್ಲಿ ನಿಧಾನಕ್ಕೆ ಕರಗುತ್ತೆ, ಕುಟ್ಟಿ ಪುಡಿ ಮಾಡಿ ಹಾಕಿದರೆ ಬೇಗ ಕರಗುತ್ತೆ. ಬೆಲ್ಲ ಅಷ್ಟೇ, ನೀರಿಗೆ ತಾಗೋ ಮೈ ಹೆಚ್ಚಾಯಿತು. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ತುಂಡಿನ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ಚೂರು ಮಾಡಿದರೆ ಒಟ್ಟು ಮೇಲ್ಮೈ 6 ಸಾವಿರ ಚದರ ಮೀಟರ್. ಹತ್ತಿರ ಹತ್ತಿರ ಒಂದೂವರೆ ಎಕರೆ! ಗುಣವೂ ಬದಲಾಗುತ್ತೆ. ಹಳದಿ ಚಿನ್ನ ಈ ಗಾತ್ರಕ್ಕಿಳಿದು ನೀರಲ್ಲಿ ಬೆರೆತರೆ ಕೆಂಪಗೆ ಕಾಣುತ್ತೆ.

ಕೈಗಾರಿಕೆಗೆ ಬೇಕಾಗಿರೋದು ಈ ಮೈ. ಟೈರ್ ಯಾಕೆ ಕಪ್ಪು ಅಂತ ಯೋಚಿಸಿದ್ದೀರಾ? ರಬ್ಬರಿಗೆ ಬೆರೆಸೋ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿಯ ಸೂಕ್ಷ್ಮ ಕಣಗಳಿಂದ. ಟೈರ್ ಬೇಗ ಸವೆಯದಿರೋದಕ್ಕೂ ಅವೇ ಕಾರಣ. ಕಾರಿನ ಹೊಗೆ ಕೊಳವೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಕಣಗಳು ವಿಷಾನಿಲ ತಗ್ಗಿಸುತ್ತವೆ. ದುಬಾರಿ ಲೋಹ, ಆದರೆ ಕೆಲವೇ ಗ್ರಾಂ ಸಾಕು. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಬೆಳ್ಳಿಯ ನ್ಯಾನೋ ಕಣ ಬಳಸಿ ಕುಡಿಯೋ ನೀರಿನಿಂದ ಕೀಟನಾಶಕ ತೆಗೆಯೋ ಫಿಲ್ಟರ್ ಮಾಡಿತು. ನ್ಯಾನೋ ಖಂಡಿತಾ ಬೊಗಳೆ ಅಲ್ಲ.

ಈಗ ರೈತರ ಪ್ರಶ್ನೆಗೆ ಬರೋಣ. ಪುಡಿ ಮಾಡಿದರೆ ಮೈ ಹೆಚ್ಚುತ್ತೆ, ತೂಕ ಹೆಚ್ಚಲ್ಲ. ಬೆಳೆಗೆ ಬೇಕಾದ್ದು ಸಾರಜನಕ. ಯೂರಿಯಾದಲ್ಲಿ ಅದು ನೂರಕ್ಕೆ 46 ಪಾಲು. 45 ಕೆಜಿ ಮೂಟೆಯಲ್ಲಿ 20 ಕೆಜಿಗೂ ಹೆಚ್ಚು ಸಾರಜನಕ ಇದೆ. 2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ನೂರಕ್ಕೆ ನಾಲ್ಕು ಪಾಲು, ಅಂದ್ರೆ ಸುಮಾರು 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ ಸ್ವಾಮಿ! ಆಮೇಲೆ ಸಾರಜನಕ ಹೆಚ್ಚಿಸಿದ ಬಾಟಲಿಯೂ ಬಂತು. ಆದರೂ ಲೆಕ್ಕ ಗ್ರಾಂನಲ್ಲೇ ಉಳಿಯಿತು.

ಮಣ್ಣಿಗೆ ಹಾಕಿದ ಯೂರಿಯಾ ಗಾಳಿಗೆ, ನೀರಿಗೆ ಪೋಲಾಗುತ್ತೆ, ಎಲೆಗೆ ಸಿಂಪಡಿಸಿದರೆ ಪೋಲಾಗಲ್ಲ ಅನ್ನೋದು ಮಾರೋರ ವಾದ. ಪೋಲಾಗೋದು ನಿಜ. ಆದರೆ ಅರ್ಧ ಹೋದರೂ ಮೂಟೆಯಲ್ಲಿ 10 ಕೆಜಿ ಉಳಿಯುತ್ತಲ್ಲ? ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಎಂದಿನ ಸಾರಜನಕ ಕಡಿಮೆ ಮಾಡಿ ನ್ಯಾನೋ ಯೂರಿಯಾ ಸಿಂಪಡಿಸಿದಾಗ ಭತ್ತ, ಗೋಧಿ ಎರಡರ ಇಳುವರಿಯೂ ಇಳಿಯಿತು. ಆ ನಷ್ಟವನ್ನು ಬಾಟಲಿ ಮಾರಿದವನು ಕಟ್ಟಿಕೊಡ್ತಾನಾ? ಕ್ರಾಂತಿ ಅಂತ ಕೂಗಿದ ನಾನು ಕಟ್ಟಿಕೊಡ್ತೀನಾ?

ಅದಕ್ಕೇ ಹೇಳೋದು: ಮೂಟೆ ಬಿಡೋ ಮುಂಚೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಒಂದು ತುಂಡು ಗದ್ದೆಯಲ್ಲಿ ಮಾಡಿ ನೋಡಿ. ಯಾರೇ ನ್ಯಾನೋ ಅಂದರೂ, ಒಳಗೆ ಏನಿದೆ, ಎಷ್ಟಿದೆ ಅಂತ ಕೇಳಿ. ನಾನು ಹೇಳಿದರೂ ಕೇಳಿ.

ಆ ರೈತರು ಈಗ ನೋಡುತ್ತಿದ್ದರೆ ಒಂದು ಮಾತು. ಯಜಮಾನರೇ, ನಿಮ್ಮ ಹೆಗಲಿನ ಲೆಕ್ಕ ಸರಿಯಾಗಿತ್ತು.